ಶಾಲೆ, ಪೇಟೆ, ಪತ್ರಿಕೆ: ಫುಕುಜಾವಾ ಯುಕಿಚಿಯವರ ಬಾಳು

ಅಂತಿಮ ಬಿ.ಎ. ತರಗತಿಯವರಾದ ನಾವು ಈ ವರ್ಷ ಎಲ್ಲಿ ಸೇರಿದರೂ ಒಂದೇ ಮಾತು: ಮುಂದೇನು? ನಮ್ಮ ಗುಂಪಿನಲ್ಲಿ ಒಬ್ಬನು ವಿದೇಶೀ ವ್ಯಾಪಾರದ ಡಿಪ್ಲೊಮಾ ಮಾಡಬೇಕೆನ್ನುತ್ತಾನೆ. ಒಬ್ಬಳು ಬೆಂಗಳೂರಿಗೆ ಹೋಗಿ ಜಪಾನೀ ಭಾಷೆ ಕಲಿಯುವ ಹಟ ಹಿಡಿದಿದ್ದಾಳೆ. ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು ಅದನ್ನೇ ಮುಂದುವರಿಸಬೇಕೆಂದುಕೊಂಡಿದ್ದೇನೆ. ಈ ಮೂರರಲ್ಲಿ ಅನ್ನ ಕೊಡುವ ವಿದ್ಯೆ ಯಾವುದೆಂದು ಗ್ರಂಥಾಲಯದ ಮುಂದಿನ ಕಟ್ಟೆಯ ಮೇಲೆ ಕುಳಿತು ಎಷ್ಟೋ ಮಧ್ಯಾಹ್ನ ವಾದಿಸಿದ್ದೇವೆ. ಅಂಥದೊಂದು ವಾದವನ್ನು ಕೇಳಿಸಿಕೊಂಡ ನಮ್ಮ ಉಪನ್ಯಾಸಕರೊಬ್ಬರು ಮರುದಿನ ಏನೂ ಹೇಳದೆ ಒಂದು ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗಿತ್ತರು. ಅದು ಜಪಾನಿನ ಫುಕುಜಾವಾ ಯುಕಿಚಿಯವರ ಆತ್ಮಕಥೆ; ಅವರ ಮೊಮ್ಮಗ ಎಯಿಚಿ ಕಿಯೊಓಕಾ ಇಂಗ್ಲಿಷಿಗೆ ತಂದದ್ದು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದಿ ಮುಗಿಸಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ನಾವು ಮೂವರು ಹಂಚಿಕೊಂಡು ಜಗಳವಾಡುತ್ತಿದ್ದ ಮೂರು ವಿದ್ಯೆಗಳೂ ಈ ಒಬ್ಬ ಮನುಷ್ಯನ ಬಾಳಿನಲ್ಲಿ ಒಂದಾಗಿದ್ದವು. ಆ ಬಾಳನ್ನು ನನಗೆ ತಿಳಿದಷ್ಟು ಮಟ್ಟಿಗೆ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಫುಕುಜಾವಾ ಹುಟ್ಟಿದ್ದು 1835ರ ಜನವರಿ 10ರಂದು, ಓಸಾಕಾ ನಗರದಲ್ಲಿ. ಜಪಾನ್ ಆಗ ಸಾಮಂತರ ನಾಡು. ಕ್ಯೂಶೂ ದ್ವೀಪದಲ್ಲಿದ್ದ ನಕಾತ್ಸು ಎಂಬ ಸಂಸ್ಥಾನದ ಅಕ್ಕಿಯ ಉಗ್ರಾಣ ಓಸಾಕಾದಲ್ಲಿತ್ತು. ತಂದೆ ಹ್ಯಾಕುಸುಕೆ ಅಲ್ಲಿ ಲೆಕ್ಕಪತ್ರ ಮತ್ತು ಸಾಲದ ವ್ಯವಹಾರ ನೋಡಿಕೊಳ್ಳುತ್ತಿದ್ದ ಕೆಳದರ್ಜೆಯ ಸಮುರಾಯಿ. ದೊಡ್ಡ ವಿದ್ವಾಂಸ; ಚೀನೀ ಗ್ರಂಥಗಳೆಂದರೆ ಪ್ರಾಣ. ಆದರೆ ದಿನವೆಲ್ಲ ಹಣದ ಮಾತಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಒಮ್ಮೆ ಮಕ್ಕಳ ಗುರುಗಳು ಅಕ್ಷರದ ಜೊತೆಗೆ ಎರಡೆರಡಲ ನಾಲ್ಕು ಎಂಬ ಮಗ್ಗಿಯನ್ನೂ ಹೇಳಿಕೊಟ್ಟರಂತೆ. ವ್ಯಾಪಾರಿಗಳ ಊರಿನಲ್ಲಿ ಅದು ಸಹಜವೇ. ಲೆಕ್ಕವೆಂಬುದು ಸೆಟ್ಟರ ವಿದ್ಯೆ, ತನ್ನ ಮಕ್ಕಳಿಗೆ ಅದು ತಗುಲಬಾರದೆಂದು ತಂದೆ ಕೂಡಲೇ ಮಕ್ಕಳನ್ನು ಆ ಪಾಠದಿಂದ ಬಿಡಿಸಿದರು.

ಈ ಸಂಗತಿಯನ್ನು ಓದಿದಾಗ ನನಗೆ ನಮ್ಮಪ್ಪನ ನೆನಪಾಯಿತು. ಅಪ್ಪ ಒಂದು ಅಕ್ಕಿ ಮಂಡಿಯಲ್ಲಿ ಹಮಾಲಿ. ಓದುಬರಹ ಬಾರದು. ನಾನು ಆರನೆಯ ತರಗತಿಗೆ ಬಂದಂದಿನಿಂದ ವಾರಕ್ಕೊಮ್ಮೆ ಮೂಟೆಗಳ ಲೆಕ್ಕದ ಚೀಟಿಯನ್ನು ನನ್ನ ಮುಂದೆ ಇಡುತ್ತಾರೆ. ಒಂದು ವಾರ ಹದಿನಾಲ್ಕು ಮೂಟೆ ಕಡಿಮೆ ಬಿದ್ದಿತ್ತು. ಅಪ್ಪ ಮರುದಿನ ಚೀಟಿ ತೋರಿಸಿ ಸರಿಪಡಿಸಿಕೊಂಡು ಬಂದರು. ಆ ರಾತ್ರಿ ನನ್ನ ತಟ್ಟೆಗೆ ತಾವೇ ಕೈಯಾರೆ ಬಡಿಸಿದರು. ಲೆಕ್ಕ ಕೀಳು ವಿದ್ಯೆಯೆಂದು ಒಬ್ಬ ತಂದೆ ಮಕ್ಕಳನ್ನು ಬಿಡಿಸಿದರು. ಅದೇ ಲೆಕ್ಕ ತನಗೆ ಬಾರದೆಂದು ಇನ್ನೊಬ್ಬ ತಂದೆ ಮಗುವಿನ ಮುಂದೆ ಚೀಟಿ ಹಿಡಿದರು. ಫುಕುಜಾವಾ ತಮ್ಮ ನಾಡಿನವರ ಮನಸ್ಸನ್ನು ಇದರಲ್ಲಿ ಮೊದಲನೆಯ ತಂದೆಯ ಕಡೆಯಿಂದ ಎರಡನೆಯ ತಂದೆಯ ಕಡೆಗೆ ತಿರುಗಿಸಿದವರು.

ಯುಕಿಚಿ ಒಂದೂವರೆ ವರ್ಷದ ಕೂಸಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಐವರು ಮಕ್ಕಳನ್ನು ಕಟ್ಟಿಕೊಂಡು ನಕಾತ್ಸುವಿಗೆ ಮರಳಿದರು. ಓಸಾಕಾದ ಮಾತಿನ ಧಾಟಿ, ಉಡುಪು ಬೇರೆಯಾದುದರಿಂದ ಆ ಮಕ್ಕಳಿಗೆ ಊರಿನಲ್ಲಿ ಗೆಳೆಯರಿರಲಿಲ್ಲ. ಮನೆಯಲ್ಲಿ ಬಡತನ. ಹುಡುಗ ಚಪ್ಪಲಿ ಹೆಣೆಯುತ್ತಿದ್ದ, ಮರದ ಪಾದುಕೆ ಮಾಡುತ್ತಿದ್ದ, ಕಾಗದದ ಬಾಗಿಲು ಸರಿಮಾಡುತ್ತಿದ್ದ. ಮೇಲುದರ್ಜೆಯ ಸಮುರಾಯಿಗಳ ಮಕ್ಕಳೊಡನೆ ಆಟದಲ್ಲಿಯೂ ಬಹುವಚನದಲ್ಲಿ ಮಾತಾಡಬೇಕು. ಅವರು ಏಕವಚನದಲ್ಲಿ ಕರೆದರೆ ಓಗೊಡಬೇಕು. ಹುಡುಗನ ಮನಸ್ಸಿನಲ್ಲಿ ಇದು ಮುಳ್ಳಾಗಿ ಉಳಿಯಿತು. ತಂದೆ ಬದುಕಿದ್ದಾಗ ಈ ಕೊನೆಯ ಮಗನನ್ನು ಬೌದ್ಧ ಸನ್ಯಾಸಿ ಮಾಡಬೇಕೆಂದಿದ್ದರಂತೆ. ಕೆಳಗೆ ಹುಟ್ಟಿದವನು ಮೇಲೇರಲು ಆ ನಾಡಿನಲ್ಲಿ ಅದೊಂದೇ ದಾರಿಯಿತ್ತು. ತಂದೆಯ ಆ ಆಸೆಯ ಹಿಂದಿದ್ದ ನೋವನ್ನು ನೆನೆದು ಮಗ ಮುಪ್ಪಿನಲ್ಲಿಯೂ ಕಣ್ಣೀರಿಟ್ಟರು.

ಹುಡುಗನಿಗೆ ಪರೀಕ್ಷಿಸಿ ನೋಡುವ ಸ್ವಭಾವ. ಒಮ್ಮೆ ಗುಡಿಯೊಂದರ ಬಾಗಿಲು ತೆರೆದು ಒಳಗಿದ್ದ ಕಲ್ಲನ್ನು ಎಸೆದು ತಾನು ಆಯ್ದು ತಂದ ಬೇರೊಂದು ಕಲ್ಲನ್ನಿಟ್ಟ. ಹಬ್ಬ ಬಂದಿತು, ಜನ ಡೋಲು ಬಡಿದು ಪೂಜೆ ಮಾಡಿದರು. ಯಾವ ಶಾಪವೂ ತಟ್ಟಲಿಲ್ಲ.

1853ರಲ್ಲಿ ಅಮೆರಿಕದ ಪೆರಿ ಎಂಬ ನೌಕಾಧಿಕಾರಿ ಯುದ್ಧನೌಕೆಗಳೊಡನೆ ಬಂದು ಜಪಾನಿನ ಬಾಗಿಲು ಬಡಿದ. ಅಲ್ಲಿಯವರೆಗೆ ಎರಡು ಶತಮಾನಗಳಿಂದ ಆ ದೇಶದೊಡನೆ ವ್ಯಾಪಾರಕ್ಕೆ ಅನುಮತಿಯಿದ್ದ ಯೂರೋಪಿನವರೆಂದರೆ ಡಚ್ಚರು ಮಾತ್ರ. ಆದುದರಿಂದ ಪಾಶ್ಚಾತ್ಯ ವಿದ್ಯೆ ಬೇಕಾದವರು ಡಚ್ ಭಾಷೆ ಕಲಿಯಬೇಕಿತ್ತು. ಫಿರಂಗಿ ವಿದ್ಯೆ ಕಲಿಯುವ ನೆಪದಿಂದ ಫುಕುಜಾವಾ 1854ರಲ್ಲಿ ನಾಗಾಸಾಕಿಗೆ ಹೋದರು; ಮರುವರ್ಷ ಓಸಾಕಾದಲ್ಲಿ ಓಗಾತಾ ಕೋಆನ್ ಎಂಬ ವೈದ್ಯರ ಶಾಲೆಯನ್ನು ಸೇರಿದರು. 1856ರಲ್ಲಿ ಅಣ್ಣ ತೀರಿಕೊಂಡಾಗ ಮನೆಯ ಯಜಮಾನಿಕೆ, ಅದರೊಡನೆ ಸಾಲ, ಹೆಗಲೇರಿತು. ಬಂಧುಗಳೆಲ್ಲ ಊರಿನಲ್ಲಿಯೇ ಇರಬೇಕೆಂದರು. ತಾಯಿ ಮಾತ್ರ ಹೋಗಲು ಒಪ್ಪಿದರು. ತಂದೆಯ ಪ್ರಾಣದಂತಿದ್ದ ಪುಸ್ತಕಗಳನ್ನೂ ಮನೆಯ ಸಾಮಾನುಗಳನ್ನೂ ಮಾರಿ ಸಾಲ ತೀರಿಸಿ, ಮುದಿ ತಾಯಿಯನ್ನು ಎಳೆಯ ಮಗುವೊಂದರೊಡನೆ ಬಿಟ್ಟು ಮಗ ಓದಲು ಹೊರಟರು. ಆ ಮಗು ತೀರಿಹೋದ ಅಣ್ಣನ ಮಗಳು. ನಮ್ಮಲ್ಲಿ ಎಷ್ಟು ಜನರ ಓದಿನ ಹಿಂದೆ ಇಂಥ ತಾಯಿಯರಿದ್ದಾರೆಂಬುದು ನಮ್ಮ ನಮ್ಮ ಮನಸ್ಸಿಗೇ ಗೊತ್ತು.

ಓಗಾತಾ ಶಾಲೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಚಾಪೆಯಷ್ಟು ಜಾಗ. ಎಲ್ಲರಿಗೂ ಸೇರಿ ಒಂದು ದೊಡ್ಡ ಡಚ್ ನಿಘಂಟು, ಅದೂ ಕೈಬರಹದ್ದು. ಅದಕ್ಕಾಗಿಯೇ ಒಂದು ಕೋಣೆ. ಪಾಠ ಒಪ್ಪಿಸುವ ಹಿಂದಿನ ರಾತ್ರಿ ಆ ಕೋಣೆಯಲ್ಲಿ ದೀಪ ಆರುತ್ತಿರಲಿಲ್ಲ. ಒಮ್ಮೆ ಜ್ವರ ಬಂದು ಮಲಗಲು ಹೋದ ಫುಕುಜಾವಾ ತಲೆದಿಂಬು ಹುಡುಕಿದರು, ಸಿಗಲಿಲ್ಲ. ಆಗ ಅವರಿಗೆ ಹೊಳೆಯಿತು: ಬಹುಕಾಲದಿಂದ ತಾವು ದಿಂಬಿಟ್ಟು ಮಲಗಿಯೇ ಇರಲಿಲ್ಲ, ಓದುತ್ತ ಓದುತ್ತ ಮೇಜಿಗೆ ಒರಗಿ ನಿದ್ದೆಹೋಗುತ್ತಿದ್ದರು. ಇಷ್ಟೆಲ್ಲ ಓದಿದರೆ ಯಾವ ಉದ್ಯೋಗ ಸಿಗುವುದೆಂಬ ಎಣಿಕೆ ಆ ವಿದ್ಯಾರ್ಥಿಗಳಲ್ಲಿ ಯಾರಿಗೂ ಇರಲಿಲ್ಲ. ಓಸಾಕಾ ವ್ಯಾಪಾರಿಗಳ ಊರು. ಅಲ್ಲಿ ಡಚ್ ಬಲ್ಲವನನ್ನು ಕೆಲಸಕ್ಕೆ ಕರೆಯುವವರೇ ಇರಲಿಲ್ಲ.

1858ರಲ್ಲಿ ಸಂಸ್ಥಾನದ ಅಪ್ಪಣೆಯಂತೆ ಅವರು ರಾಜಧಾನಿ ಎಡೋಗೆ ಹೋಗಿ ಒಂದು ಚಿಕ್ಕ ಡಚ್ ಪಾಠಶಾಲೆ ತೆರೆದರು. ಆ ಎಡೋ ನಗರವೇ ಇಂದಿನ ಟೋಕಿಯೊ. ಮರುವರ್ಷ ಯೊಕೊಹಾಮಾ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆಯಿತು. ನೋಡಿಬರೋಣವೆಂದು ಫುಕುಜಾವಾ ರಾತ್ರಿಯೆಲ್ಲ ನಡೆದು ಅಲ್ಲಿಗೆ ಹೋದರು. ಅಂಗಡಿಯ ಹಲಗೆಗಳ ಮೇಲಿನ ಒಂದು ಅಕ್ಷರವೂ ಅವರಿಗೆ ತಿಳಿಯಲಿಲ್ಲ. ಸೀಸೆಯ ಮೇಲಿನ ಚೀಟಿಯೂ ಓದಲಾಗಲಿಲ್ಲ. ಡಚ್ಚಿನಲ್ಲಿ ಮಾತಾಡಿದರೆ ಯಾರಿಗೂ ಅರ್ಥವಾಗದು. ಕೊನೆಗೆ ಒಬ್ಬ ಜರ್ಮನ್ ವ್ಯಾಪಾರಿಯೊಡನೆ ಡಚ್ಚಿನಲ್ಲಿ ಬರೆದು ತೋರಿಸಿ ಹೇಗೋ ನಾಲ್ಕು ಮಾತಾಡಿದರು. ಅಲ್ಲಿ ವ್ಯಾಪಾರ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಐದು ವರ್ಷ ದಿಂಬಿಲ್ಲದೆ ಕಲಿತ ಭಾಷೆ ಒಂದು ಬೆಳಗಿನಲ್ಲಿ ಕೈಬಿಟ್ಟಿತು.

ವಾಚಕರೆ, ಈ ಪುಟದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಕನ್ನಡ ಮಾಧ್ಯಮದಲ್ಲಿ ಓದಿ, ಹೋಬಳಿಗೇ ಮೊದಲಿಗರೆನಿಸಿಕೊಂಡು ಈ ಕಾಲೇಜಿಗೆ ಬಂದ ನಾನು ಪ್ರಥಮ ವರ್ಷದ ಇಂಗ್ಲಿಷ್ ತರಗತಿಯಲ್ಲಿ ಹಾಜರಿಗೆ ಓಗೊಟ್ಟದ್ದು ಬಿಟ್ಟರೆ ಬಾಯಿ ತೆರೆದವರಲ್ಲ. ಹನ್ನೆರಡು ವರ್ಷ ಕಲಿತದ್ದೆಲ್ಲ ಹಾಳಾಯಿತೆಂದೇ ನಂಬಿದ್ದೆ. ಅಂದು ಬಳಲಿ ಮನೆಗೆ ಮರಳಿದ ಫುಕುಜಾವಾ ಮರುದಿನವೇ ಇಂಗ್ಲಿಷ್ ಕಲಿಯಲು ನಿಶ್ಚಯಿಸಿದರು. ಗುರುಗಳು ಸಿಗಲಿಲ್ಲ. ಸಂಸ್ಥಾನದವರನ್ನು ಕೇಳಿಕೊಂಡು ಐದು ರ್ಯೋ ಬೆಲೆಯ ಒಂದು ಡಚ್-ಇಂಗ್ಲಿಷ್ ನಿಘಂಟು ತರಿಸಿಕೊಂಡರು. ಓದುತ್ತ ಹೋದಂತೆ ಎರಡೂ ಭಾಷೆಗಳ ವ್ಯಾಕರಣ ಬಹುಮಟ್ಟಿಗೆ ಒಂದೇ ಬಗೆಯದೆಂದು ಕಂಡಿತು. ಹಳೆಯ ವಿದ್ಯೆ ಹಾಳಾಗಿರಲಿಲ್ಲ. ಹೊಸದಕ್ಕೆ ಮೆಟ್ಟಿಲಾಗಿ ಕಾಲ ಕೆಳಗೆ ಇತ್ತು. ನನ್ನ ಕನ್ನಡವೂ ಹಾಗೆಯೇ ಇದೆಯೆಂಬುದನ್ನು ಅರಿಯಲು ನನಗೆ ಮೂರು ವರ್ಷ ಬೇಕಾಯಿತು.

1860ರಲ್ಲಿ ಕನ್ರಿನ್ ಮಾರು ಎಂಬ ಜಪಾನೀ ಹಡಗು ಅಮೆರಿಕಕ್ಕೆ ಹೊರಟಿತು. ಅದರ ಮುಖ್ಯಾಧಿಕಾರಿಯ ಸೇವಕನಾಗಿಯಾದರೂ ಸರಿ ಎಂದು ಫುಕುಜಾವಾ ಬೇಡಿ ಸ್ಥಾನ ಪಡೆದರು. 37 ದಿನಗಳ ಪ್ರಯಾಣದ ನಂತರ ಸ್ಯಾನ್ ಫ್ರಾನ್ಸಿಸ್ಕೊ ಸಿಕ್ಕಿತು. ತಂತಿ, ಯಂತ್ರಗಳು ಅವರಿಗೆ ಬೆರಗು ತರಲಿಲ್ಲ; ಅವನ್ನು ಡಚ್ ಪುಸ್ತಕಗಳಲ್ಲಿ ಓದಿ ತಿಳಿದಿದ್ದರು. ವಾಷಿಂಗ್ಟನ್ನರ ವಂಶಸ್ಥರು ಈಗ ಎಲ್ಲಿದ್ದಾರೆಂದು ಕೇಳಿದಾಗ ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದುದು ಬೆರಗು ತಂದಿತು. ಹುಟ್ಟಿನಿಂದಲೇ ಎಲ್ಲವೂ ನಿಶ್ಚಯವಾಗುವ ನಾಡಿನಿಂದ ಬಂದವರಲ್ಲವೆ? ಅಲ್ಲಿಂದ ಒಂದು ವೆಬ್‌ಸ್ಟರ್ ನಿಘಂಟು ಕೊಂಡುತಂದರು. ಅದೇ ವರ್ಷ ಇಂಗ್ಲಿಷ್ ಪದಗಳ ಪುಸ್ತಕವೊಂದನ್ನು ಪ್ರಕಟಿಸಿ, ಜಪಾನೀಯರ ಲಿಪಿಯಲ್ಲಿಲ್ಲದ ವಕಾರದ ಉಚ್ಚಾರಕ್ಕೆ ಚುಕ್ಕಿಯಿಟ್ಟ ಹೊಸ ಅಕ್ಷರವನ್ನು ಬಳಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

1862ರಲ್ಲಿ ಸರ್ಕಾರದ ಭಾಷಾಂತರಕಾರರಾಗಿ ಫ್ರಾನ್ಸ್, ಇಂಗ್ಲೆಂಡ್, ಹಾಲೆಂಡ್, ಪ್ರಷ್ಯಾ, ರಷ್ಯಾ, ಪೋರ್ಚುಗಲ್‌ಗಳನ್ನು ಸುತ್ತಿದರು. ಆಸ್ಪತ್ರೆಗೆ ಹಣ ಕೊಡುವವರಾರು, ಬ್ಯಾಂಕಿನಲ್ಲಿ ಹಣ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ, ಅಂಚೆ ಹೇಗೆ ನಡೆಯುತ್ತದೆ, ಪಾರ್ಲಿಮೆಂಟಿನಲ್ಲಿ ಹೋರಾಡುವವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದೆಂತು ಎಂದು ಕೇಳಿ ಕೇಳಿ ಬರೆದುಕೊಂಡರು. ಇದರ ಫಲವಾಗಿ 1866ರಲ್ಲಿ ಪಾಶ್ಚಾತ್ಯ ದೇಶಗಳ ಸ್ಥಿತಿಗತಿಯನ್ನು ತಿಳಿಸುವ ಅವರ ಗ್ರಂಥದ ಮೊದಲ ಭಾಗ ಹೊರಬಂತು. ತೆರಿಗೆ, ಕಾಗದದ ಹಣ, ವ್ಯಾಪಾರದ ಕಂಪನಿ, ವೃತ್ತಪತ್ರಿಕೆ, ಗ್ರಂಥಾಲಯ ಎಲ್ಲವೂ ಅದರಲ್ಲಿ ಬಂದವು. ನಾಡಿನ ಮೂಲೆಮೂಲೆಗೂ ಅದು ಹೋಯಿತು.

ಆ ಕೆಲಸ ಸುಲಭವಾಗಿರಲಿಲ್ಲ. ವಸ್ತುವಿಲ್ಲದ ಕಡೆ ಮಾತೂ ಇರಲಿಲ್ಲ. ಅರ್ಥಶಾಸ್ತ್ರದ ಪುಸ್ತಕವೊಂದರ ವಿಷಯಸೂಚಿಯನ್ನು ಅನುವಾದಿಸುವಾಗ ವ್ಯಾಪಾರದ ಪೈಪೋಟಿಗೆ ಅವರು ಹೊಸ ಪದವೊಂದನ್ನು ಕಟ್ಟಿದರು. ಅದರಲ್ಲಿ ಕಾದಾಟದ ಅರ್ಥದ ಅಕ್ಷರವಿತ್ತು. ಖಜಾನೆಯ ಅಧಿಕಾರಿ ಅದನ್ನು ಕಂಡು ಹೌಹಾರಿದನು: ಕಾದಾಟದ ಮಾತಿರುವ ಕಾಗದವನ್ನು ದೊರೆಗಳಿಗೆ ತೋರಿಸುವುದು ಹೇಗೆ? ಅಂಗಡಿಯವರು ಒಬ್ಬರಿಗಿಂತ ಒಬ್ಬರು ಕಡಿಮೆ ಬೆಲೆಗೆ ಮಾರುವುದೇ ಇದು ಎಂದು ತಿಳಿಸಿ ಹೇಳಿದರೂ ಒಪ್ಪಲಿಲ್ಲ. ಫುಕುಜಾವಾ ಪದವನ್ನು ಬದಲಿಸಲಿಲ್ಲ. ಆ ಜಾಗಕ್ಕೆ ಮಸಿ ಬಳಿದು ಕಾಗದ ಕೊಟ್ಟರು. ಮಸಿ ಬಳಿಸಿಕೊಂಡ ಆ ಪದವೇ ಇಂದು ಜಪಾನಿನಲ್ಲಿ ಎಲ್ಲರ ಬಾಯಲ್ಲಿದೆ.

1868ರಲ್ಲಿ ಅವರ ಶಾಲೆಗೆ ಆಗಿನ ಶಕದ ಹೆಸರಿನಿಂದ ಕೇಯೋ ಗಿಜುಕು ಎಂಬ ಹೆಸರಾಯಿತು. ಅದೇ ವರ್ಷ ಹಳೆಯ ಶೋಗುನರ ಆಡಳಿತ ಉರುಳಿ ಚಕ್ರವರ್ತಿಯ ಹೊಸ ಸರ್ಕಾರ ಬಂತು. ಯುದ್ಧಕ್ಕೆ ಹೆದರಿ ವಿದ್ಯಾರ್ಥಿಗಳು ಚದುರಿ, ಹದಿನೆಂಟು ಮಂದಿ ಮಾತ್ರ ಉಳಿದರು. ಉಯೆನೋ ಎಂಬಲ್ಲಿ ಕಾಳಗ ನಡೆದು ಫಿರಂಗಿಯ ಸದ್ದು ಕೇಳಿಬರುತ್ತಿದ್ದ ದಿನವೂ ಫುಕುಜಾವಾ ಅಮೆರಿಕದ ವೇಲ್ಯಾಂಡರ ಅರ್ಥಶಾಸ್ತ್ರದ ಪಾಠವನ್ನು ನಿಲ್ಲಿಸಲಿಲ್ಲ. ಗುರುಕಾಣಿಕೆಯ ಪದ್ಧತಿಯನ್ನು ಬಿಟ್ಟು ಎಲ್ಲರಿಂದಲೂ ಒಂದೇ ತಿಂಗಳ ಫೀಜು ತೆಗೆದುಕೊಳ್ಳತೊಡಗಿದರು. ಹೊಸ ಸರ್ಕಾರ ಕರೆದರೂ ಹುದ್ದೆಗೆ ಹೋಗಲಿಲ್ಲ. ವಿದ್ಯಾವಂತರೆಲ್ಲ ಸರ್ಕಾರಿ ಕುರ್ಚಿಯನ್ನೇ ನೋಡುತ್ತಿದ್ದರೆ ನಾಡು ತನ್ನ ಕಾಲ ಮೇಲೆ ನಿಲ್ಲುವುದೆಂದು ಎಂಬುದು ಅವರ ಚಿಂತೆ.

ಜನ ತಮ್ಮ ಕಾಲ ಮೇಲೆ ನಿಲ್ಲಲು ಲೆಕ್ಕ ಬೇಕು. ಮಗ್ಗಿ ಕಲಿತದ್ದಕ್ಕೆ ಮಕ್ಕಳನ್ನು ಪಾಠ ಬಿಡಿಸಿದ ತಂದೆಯ ಮಗ 1873ರಲ್ಲಿ ಅಮೆರಿಕದ ಪಠ್ಯವೊಂದನ್ನು ಆಧರಿಸಿ ಲೆಕ್ಕಪುಸ್ತಕ ಬರೆಯುವ ಕ್ರಮವನ್ನು ಜಪಾನೀ ಭಾಷೆಗೆ ತಂದರು. ಜಮಾ ಖರ್ಚು ಎರಡೂ ಕಡೆ ದಾಖಲಾಗುವ ಜೋಡಿ ನಮೂದಿನ ಭಾಗ ಮರುವರ್ಷ ಬಂತು. ಪಾಶ್ಚಾತ್ಯ ಲೆಕ್ಕಕ್ರಮದ ಬಗೆಗೆ ಆ ಭಾಷೆಯಲ್ಲಿ ಅದೇ ಮೊದಲನೆಯ ಪುಸ್ತಕ. 1875ರಲ್ಲಿ ಮೋರಿ ಅರಿನೋರಿ ಎಂಬವರು ಟೋಕಿಯೊದಲ್ಲಿ ವಾಣಿಜ್ಯ ಶಾಲೆಯೊಂದನ್ನು ತೆರೆದಾಗ ಅದಕ್ಕೆ ವಿಜ್ಞಾಪನೆ ಬರೆದುಕೊಟ್ಟವರು ಫುಕುಜಾವಾ. ಕತ್ತಿಯ ಕಾಲದಲ್ಲಿ ಕತ್ತಿವರಸೆ ಕಲಿಯದೆ ಯಾರೂ ಕಣಕ್ಕಿಳಿಯುತ್ತಿರಲಿಲ್ಲ; ವಿದೇಶೀಯರೊಡನೆ ವ್ಯಾಪಾರ ಮಾಡುವ ಕಾಲದಲ್ಲಿ ವ್ಯಾಪಾರದ ವಿದ್ಯೆ ಕಲಿಯದೆ ಇಳಿಯುವುದು ಹೇಗೆ ಎಂಬುದು ಅದರ ಸಾರ. ಆ ಶಾಲೆಯೇ ಬೆಳೆದು ಇಂದಿನ ಹಿತೋತ್ಸುಬಾಶಿ ವಿಶ್ವವಿದ್ಯಾನಿಲಯವಾಗಿದೆ. ಯೊಕೊಹಾಮಾದ ಹಲಗೆಗಳ ಮುಂದೆ ಅವರು ಮೂಕರಾಗಿ ನಿಂತು ಆಗ ಹದಿನಾರು ವರ್ಷವಾಗಿತ್ತು.

ವಿದ್ಯೆಗೆ ಜನರನ್ನು ಹುರಿದುಂಬಿಸುವ ಅವರ ಕಿರುಹೊತ್ತಗೆಗಳು 1872ರಿಂದ 1876ರವರೆಗೆ ಹದಿನೇಳು ಬಂದವು. ಹುಟ್ಟಿನಲ್ಲಿ ಮೇಲುಕೀಳಿಲ್ಲ, ಕಲಿತದ್ದರಿಂದಲೂ ಕಲಿಯದ್ದರಿಂದಲೂ ಅಂತರ ಬರುತ್ತದೆ ಎಂಬುದು ಅವುಗಳ ತಿರುಳು. ಅಂದಿನ ಪಂಡಿತರ ಬರಹ ಚೀನೀ ಪದಗಳಿಂದ ಕಿಕ್ಕಿರಿದದ್ದು. ಫುಕುಜಾವಾ ತಾವು ಬರೆದುದನ್ನು ಮನೆಯ ಹೆಂಗಸರು ಮಕ್ಕಳಿಂದ ಓದಿಸಿ, ಅವರು ತಡವರಿಸಿದ ಕಡೆ ಪದ ಬದಲಿಸುತ್ತಿದ್ದರು. ಎರಡು ಮೂರು ಸಾವಿರ ಚೀನೀ ಅಕ್ಷರಗಳಿದ್ದರೆ ಸಾಕು, ಉಳಿದ ಕಷ್ಟದವನ್ನು ಬಿಡುತ್ತ ಹೋಗಬಹುದೆಂದು 1873ರಲ್ಲಿಯೇ ಬರೆದರು. ಜಪಾನೀ ಭಾಷೆ ಕಲಿಯಹೊರಟ ನಮ್ಮ ಗೆಳತಿಗೆ ಇದನ್ನು ಹೇಳಿದಾಗ ಅವಳು ಆ ಮಹಾನುಭಾವರಿಗೆ ಅಲ್ಲಿಂದಲೇ ಕೈಮುಗಿದಳು. ಸಭೆಯ ಮುಂದೆ ನಿಂತು ಮಾತಾಡುವುದೂ ಅಲ್ಲಿ ಹೊಸದು. ಅದನ್ನು ಅಭ್ಯಾಸ ಮಾಡಲೆಂದು 1874ರಲ್ಲಿ ಸಂಘ ಕಟ್ಟಿ, 1875ರಲ್ಲಿ ಮಿತಾದ ಶಾಲೆಯ ಆವರಣದಲ್ಲಿ ಭಾಷಣ ಮಂದಿರ ಕಟ್ಟಿಸಿದರು. ಆ ಕಟ್ಟಡ ಇಂದಿಗೂ ಉಂಟು.

ಇನ್ನು ಪತ್ರಿಕೆ. ಸರ್ಕಾರದ ಹಿರಿಯರು ತಮಗೊಂದು ಪತ್ರಿಕೆ ನಡೆಸಿಕೊಡಬೇಕೆಂದು ಅವರನ್ನು ಕೇಳಿದ್ದರು. 1881ರ ರಾಜಕೀಯ ಕಲಹದಲ್ಲಿ ಆ ಮಾತು ಮುರಿಯಿತು. ಫುಕುಜಾವಾ 1882ರ ಮಾರ್ಚ್ 1ರಂದು ತಮ್ಮದೇ ಜೀಜೀ ಶಿಂಪೋ ಪತ್ರಿಕೆಯನ್ನು ಹೊರಡಿಸಿದರು. ಅದು ಯಾವ ಪಕ್ಷದ್ದೂ ಅಲ್ಲ. ಪಕ್ಷದ ಹಣವಾಗಲಿ ಸರ್ಕಾರದ ಹಣವಾಗಲಿ ಬೇಡವೆಂದರೆ ಪತ್ರಿಕೆಯ ಖರ್ಚು ನಡೆಯುವುದು ಹೇಗೆ? 1883ರಲ್ಲಿ ವ್ಯಾಪಾರಿಗಳನ್ನೇ ಉದ್ದೇಶಿಸಿ ಬರೆದು ಜಾಹೀರಾತಿನ ಉಪಯೋಗವನ್ನು ವಿವರಿಸಿದರು. ಪೇಟೆಗೆ ಪತ್ರಿಕೆ ಬೇಕು, ಪತ್ರಿಕೆಗೆ ಪೇಟೆ ಬೇಕು, ಎರಡಕ್ಕೂ ಓದಬಲ್ಲ ಜನ ಬೇಕು. ಕಟ್ಟೆಯ ಮೇಲಿನ ನಮ್ಮ ವಾದಕ್ಕೆ ಇಲ್ಲಿ ಉತ್ತರ ಸಿಕ್ಕಿತೆಂದು ನಾನು ಹಿಗ್ಗಿದೆ.

ಆದರೆ ಹಿಗ್ಗು ಪೂರ್ತಿಯಾಗಿ ಉಳಿಯಲಿಲ್ಲ. ಅದೇ ಪತ್ರಿಕೆಯಲ್ಲಿ 1885ರ ಮಾರ್ಚ್ 16ರಂದು ಸಹಿಯಿಲ್ಲದ ಸಂಪಾದಕೀಯವೊಂದು ಬಂತು. ಅದು ಫುಕುಜಾವಾ ಅವರದೆಂದೇ ಸಾಮಾನ್ಯವಾಗಿ ಎಣಿಸುತ್ತಾರೆ. ಕೊರಿಯಾದಲ್ಲಿ ಸುಧಾರಣೆ ಬಯಸಿದ ತರುಣರಿಗೆ ಅವರು ನೆರವಾಗಿದ್ದರು. ಆ ತರುಣರು 1884ರ ಡಿಸೆಂಬರಿನಲ್ಲಿ ಎತ್ತಿದ ದಂಗೆ ಸೋತಿತ್ತು. ಆ ನಿರಾಶೆಯ ಬೆನ್ನಿಗೆ ಬಂದ ಲೇಖನವು, ಚೀನಾ ಕೊರಿಯಾಗಳ ಸಹವಾಸ ಬಿಟ್ಟು, ಅವರೊಡನೆ ಪಾಶ್ಚಾತ್ಯರು ವರ್ತಿಸುವಂತೆಯೇ ಜಪಾನೂ ವರ್ತಿಸಬೇಕೆಂದು ಸಾರಿತು. 1894ರಲ್ಲಿ ಚೀನಾದ ಮೇಲೆ ಯುದ್ಧವಾದಾಗ ಪತ್ರಿಕೆ ಅದನ್ನು ಹುರಿದುಂಬಿಸಿತು. ಫುಕುಜಾವಾ ಸ್ವತಃ ಹತ್ತು ಸಾವಿರ ಯೆನ್ ಕೊಟ್ಟರು. ತಮ್ಮನ್ನು ಏಕವಚನದಲ್ಲಿ ಕರೆದವರನ್ನು ಮರೆಯದಿದ್ದ ಮನುಷ್ಯ ನೆರೆಯ ನಾಡುಗಳನ್ನು ಏಕವಚನದಲ್ಲಿ ಕರೆದರು. ಇಂದಿಗೂ ಕೊರಿಯಾ ಚೀನಾಗಳಲ್ಲಿ ಅವರ ಹೆಸರು ನೋವಿಲ್ಲದೆ ಬರುವುದಿಲ್ಲ. ಕಾಲ ಅಂಥದು, ಬಲಿಷ್ಠ ರಾಷ್ಟ್ರಗಳ ಭಯವಿತ್ತು ಎಂದು ಹೇಳಬಹುದು. ಅದು ಕಾರಣವಾದೀತು; ತಪ್ಪನ್ನು ಅಳಿಸಲಾರದು. ಇದನ್ನು ಬಿಟ್ಟು ಬರೆದಿದ್ದರೆ ಲೇಖನ ಸೊಗಸಾಗಿರುತ್ತಿತ್ತೇನೋ. ಆದರೆ ಪತ್ರಿಕೋದ್ಯಮ ಓದುವ ನನಗೆ ಅದು ಮೊದಲ ಸುಳ್ಳಾಗುತ್ತಿತ್ತು.

1898ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿನ ವಿದ್ಯೆ, ಕೈಗಾರಿಕೆಗಳ ಏಳಿಗೆಯನ್ನು ಕಣ್ಣಾರೆ ಕಂಡುಬಂದದ್ದೂ ಅದೇ ವರ್ಷ. ಮುಂದೆ ಅವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಫುಕುಜಾವಾ 1901ರ ಫೆಬ್ರವರಿ 3ರಂದು ತೀರಿಕೊಂಡರು. ಅವರ ಪತ್ರಿಕೆ 1936ರಲ್ಲಿ ನಿಂತು, ಯುದ್ಧಾನಂತರ ಕೆಲಕಾಲ ಮತ್ತೆ ನಡೆದು ಮರೆಯಾಯಿತು. ಅವರ ಶಾಲೆ ಇಂದು ಜಪಾನಿನ ಹೆಸರಾಂತ ವಿಶ್ವವಿದ್ಯಾನಿಲಯಗಳಲ್ಲಿ ಒಂದು. 1984ರಿಂದ 2024ರವರೆಗೆ ಹತ್ತು ಸಾವಿರ ಯೆನ್ನಿನ ಹೊಸ ನೋಟುಗಳ ಮೇಲೆಲ್ಲ ಅವರ ಚಿತ್ರವೇ ಅಚ್ಚಾಗುತ್ತಿತ್ತು. ಹಣದ ಮಾತನ್ನು ಅಸಹ್ಯಪಟ್ಟ ತಂದೆ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಪುಸ್ತಕವನ್ನು ಉಪನ್ಯಾಸಕರಿಗೆ ಹಿಂದಿರುಗಿಸಿದೆ. ಅವರು ಅದರ ಬಗ್ಗೆ ಪ್ರಶ್ನೆ ಕೇಳಲಿಲ್ಲ; ಇನ್ನೇನು ಓದುತ್ತೀ ಎಂದಷ್ಟೇ ಕೇಳಿದರು. ಕಟ್ಟೆಯ ಮೇಲೆ ನಾವು ಮೂವರು ಈಗಲೂ ಸೇರುತ್ತೇವೆ, ಆದರೆ ಯಾವುದು ಹೆಚ್ಚು ಎಂಬ ವಾದವಿಲ್ಲ. ಗೆಳತಿ ಕಲಿತ ಜಪಾನೀ ಅಕ್ಷರಗಳನ್ನು ನಮಗೂ ಬರೆದು ತೋರಿಸುತ್ತಾಳೆ. ಗೆಳೆಯನು ರಫ್ತಿನ ಕಾಗದಪತ್ರಗಳ ವಿಷಯ ಹೇಳುತ್ತಾನೆ. ಕಳೆದ ಭಾನುವಾರ ನಾನು ಅಪ್ಪನಿಗೆ ಚೀಟಿಯ ಮೇಲಿನ ಅಂಕೆಗಳನ್ನು ಒಂದರಿಂದ ಹತ್ತರವರೆಗೆ ಬರೆದು ತೋರಿಸಿದೆ. ಏಳರವರೆಗೆ ಅಪ್ಪ ತಪ್ಪಿಲ್ಲದೆ ಗುರುತಿಸಿದರು. ಪರೀಕ್ಷೆ ಮುಗಿಯುವುದರೊಳಗೆ ಹತ್ತೂ ಆಗುವುದೆಂದು ನನ್ನ ನಂಬಿಕೆ.